ಉಂಗುರ ಕೊಟ್ಟು ಹೋಗು

ಬೀಟಲ್ಸ್, ರೋಲಿಂಗ್ ಸ್ಟೋನ್ಸ್, ಬಾಬ್ ಡಿಲನ್. ಇಂಗ್ಲಿಷ್ ಹಾಡು ಅಷ್ಟಾಗಿ ಕೇಳದವರಿಗೂ ಈ ಮೂರು ಹೆಸರು ಎಲ್ಲೋ ಕಿವಿಗೆ ಬಿದ್ದಿರುತ್ತೆ. ಈ ಮೂರೂ ಕಡೆಯವರು ತಮ್ಮ ರೆಕಾರ್ಡುಗಳಲ್ಲಿ ಒಬ್ಬನೇ ಮನುಷ್ಯನ ಹಾಡುಗಳನ್ನು ಹಾಡಿದ್ದಾರೆ. 1963ರಲ್ಲಿ ಬೀಟಲ್ಸ್, 1964ರಲ್ಲಿ ಸ್ಟೋನ್ಸ್, 1988ರಲ್ಲಿ ಡಿಲನ್. ಆ ಮನುಷ್ಯನ ಹೆಸರು ಆರ್ಥರ್ ಅಲೆಕ್ಸಾಂಡರ್. ಡಿಲನ್ ಆತನ ಹಾಡನ್ನು ಹಾಡಿದ ಕಾಲಕ್ಕೆ ಆತ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ ಬಸ್ ಓಡಿಸಿಕೊಂಡಿದ್ದ.

ಇಂಥವರ ಬಗ್ಗೆ ಬರೆಯುವಾಗ ಎಲ್ಲರೂ ಬಳಸೋ ಒಂದು ವಾಕ್ಯ ಇದೆ: 'ಸಿಗಬೇಕಾದ ಮನ್ನಣೆ ಸಿಗಲಿಲ್ಲ.' ಓದೋಕೆ ಚೆನ್ನಾಗಿದೆ, ಓದಿದ ಮೇಲೆ ಒಂದು ನಿಟ್ಟುಸಿರೂ ಬರುತ್ತೆ. ಆದರೆ ಸ್ವಲ್ಪ ನಿಂತು ನೋಡಿದರೆ ಆ ವಾಕ್ಯದಲ್ಲಿ ಕೊಡಬೇಕಾದವರು ಯಾರೂ ಇಲ್ಲ. ಯಾರಿಂದ ಸಿಗಬೇಕಿತ್ತು? ಏನು ಸಿಗಬೇಕಿತ್ತು? 'ಸಿಗಬೇಕಾದ' ಅಂದಮೇಲೆ ಅಲ್ಲೊಂದು ಸಾಲ ಇದೆ ಅಂತಾಯ್ತು. ಸಾಲ ಇದ್ದರೆ ಸಾಲಗಾರ ಇರಲೇಬೇಕಲ್ಲ? ಆ ಸಾಲಗಾರ ಬೀಟಲ್ಸಾ, ರೆಕಾರ್ಡ್ ಕಂಪನಿಯಾ, ಅಥವಾ ಅರವತ್ತು ವರ್ಷ ಆದಮೇಲೆ ಇಯರ್‌ಫೋನ್ ಹಾಕಿಕೊಂಡು ಪುಕ್ಕಟೆ ಕೇಳ್ತಾ ಇರೋ ನಾನಾ? ಇಲ್ಲಿ ನಾನು ಕೇಳಿಕೊಳ್ಳಬೇಕು ಅಂತಿರೋದು ಇದನ್ನೇ.

ಮೊದಲು ಹಾಡುಗಳ ವಿಷಯ ಹೇಳಿಬಿಡ್ತೀನಿ. ಸೋಲ್ ಅಂದ್ರೆ ಅಮೆರಿಕದ ಕರಿಯರ ಚರ್ಚುಗಳ ಹಾಡುಗಾರಿಕೆ ಮತ್ತು ರಿದಮ್ ಅಂಡ್ ಬ್ಲೂಸ್ ಎರಡೂ ಸೇರಿ ಐವತ್ತರ ದಶಕದ ಕೊನೆ, ಅರವತ್ತರ ಶುರುವಿನಲ್ಲಿ ರೂಪ ಪಡೆದ ಸಂಗೀತ. ಆಗ ಹಾಡು ಮಾರಾಟ ಆಗ್ತಾ ಇದ್ದಿದ್ದು ಸಿಂಗಲ್ ರೂಪದಲ್ಲಿ. ಏಳು ಇಂಚಿನ ಒಂದು ಪ್ಲೇಟು, ಆ ಬದಿಗೊಂದು ಹಾಡು, ಈ ಬದಿಗೊಂದು. ಒಬ್ಬ ಹಾಡುಗಾರನಿಗೆ ಜಗತ್ತಿನ ಮುಂದೆ ನಿಲ್ಲೋಕೆ ಸಿಗ್ತಾ ಇದ್ದ ಸಮಯ ಎರಡೂವರೆ, ಮೂರು ನಿಮಿಷ, ಅಷ್ಟೇ.

ಆರ್ಥರ್ ಹುಟ್ಟಿದ್ದು 1940ರಲ್ಲಿ, ಅಲಬಾಮಾ ರಾಜ್ಯದ ಶೆಫೀಲ್ಡ್ ಅನ್ನೋ ಸಣ್ಣ ಊರಲ್ಲಿ. ಹೋಟೆಲೊಂದರಲ್ಲಿ ಗಿರಾಕಿಗಳ ಪೆಟ್ಟಿಗೆ ಹೊರುವ ಕೆಲಸ. 1960ರಲ್ಲಿ ಜೂನ್ ಅಲೆಕ್ಸಾಂಡರ್ ಅನ್ನೋ ಹೆಸರಲ್ಲಿ 'ಸ್ಯಾಲಿ ಸೂ ಬ್ರೌನ್' ಅಂತ ಒಂದು ಸಿಂಗಲ್ ಬಂತು. ಯಾರೂ ಅಷ್ಟಾಗಿ ಗಮನಿಸಲಿಲ್ಲ. ಮಾರನೇ ವರ್ಷ ಪಕ್ಕದ ಮಸಲ್ ಶೋಲ್ಸ್‌ನಲ್ಲಿ ರಿಕ್ ಹಾಲ್ ಅನ್ನೋ ಯುವಕ ಹಳೇ ತಂಬಾಕು ಗೋದಾಮೊಂದನ್ನು ಸ್ಟುಡಿಯೋ ಮಾಡಿಕೊಂಡು ಕೂತಿದ್ದ. ಫೇಮ್ ಅಂತ ಹೆಸರು. ಅಲ್ಲಿ ಆರ್ಥರ್ ತಾನೇ ಬರೆದ 'ಯು ಬೆಟರ್ ಮೂವ್ ಆನ್' ಹಾಡಿದ. ಜೊತೆಗೆ ನುಡಿಸಿದವರು ಊರಿನ ಬಿಳಿ ಹುಡುಗರು. ಡಾಟ್ ಅನ್ನೋ ಕಂಪನಿ ಅದನ್ನು ತಗೊಂಡು ಬಿಡುಗಡೆ ಮಾಡಿತು. 1962ರಲ್ಲಿ ಅದು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 24ನೇ ಸ್ಥಾನದವರೆಗೆ ಹೋಯ್ತು.

ಮುಂದೆ ಡಾಟ್‌ನವರು ಆತನನ್ನು ನ್ಯಾಶ್‌ವಿಲ್‌ಗೆ ಕರೆದುಕೊಂಡು ಹೋಗಿ ಹಾಡಿಸಿದರು. ಅದೇ ವರ್ಷ 'ವೇರ್ ಹ್ಯಾವ್ ಯು ಬೀನ್', ಅದರ ಹಿಂಬದಿಗೆ 'ಸೋಲ್ಜರ್ ಆಫ್ ಲವ್', ಆಮೇಲೆ 'ಆ್ಯನಾ'. ಆ್ಯನಾ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ 10ನೇ ಸ್ಥಾನಕ್ಕೆ ಬಂತು, ಎಲ್ಲರ ಪಟ್ಟಿಯಲ್ಲಿ 68ಕ್ಕೇ ನಿಂತುಬಿಡ್ತು. ಆತನ ದೊಡ್ಡ ಕಾಲ ಅಂದ್ರೆ ಹೆಚ್ಚುಕಮ್ಮಿ ಇಷ್ಟೇ. ಎರಡು ವರ್ಷವೂ ಪೂರ್ತಿ ಇಲ್ಲ.

ಈಗ ಈ ಹಾಡುಗಳನ್ನ ಕೇಳಿದರೆ ಮೊದಲು ಗಮನಕ್ಕೆ ಬರೋದು ಆತ ಕೂಗೋದಿಲ್ಲ ಅನ್ನೋದು. ಸೋಲ್ ಅಂದಕೂಡಲೇ ನಮಗೆ ನೆನಪಾಗೋದು ಬೆವರು, ಕಿರುಚು, ಮಂಡಿಯೂರಿ ಹಾಡೋದು. ಆರ್ಥರ್ ಹಾಗಲ್ಲ. ಪಕ್ಕದಲ್ಲಿ ಕೂತು ಮಾತಾಡಿದ ಹಾಗೆ ಹಾಡ್ತಾನೆ. ಧ್ವನಿಯಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಗಾಡಿನ ಕಂಟ್ರಿ ಸಂಗೀತದ ವಾಸನೆ ಇದೆ. ಸಾಲಿನ ಕೊನೆಗೆ ಬಂದಾಗ ಹೇಳಲೋ ಬೇಡವೋ ಅನ್ನೋ ಹಾಗೆ ಸ್ವಲ್ಪ ತಡೀತಾನೆ. ಆ ತಡೆಯೋದರಲ್ಲೇ ಎಲ್ಲಾ ಇದೆ.

'ಯು ಬೆಟರ್ ಮೂವ್ ಆನ್' ಹಾಡಿನಲ್ಲಿ ಬಡವನೊಬ್ಬ ತನ್ನ ಹುಡುಗಿಯ ಹಿಂದೆ ಬಿದ್ದಿರುವ ದುಡ್ಡಿರುವವನ ಜೊತೆ ಮಾತಾಡ್ತಾನೆ. ನಿನ್ನ ಹಾಗೆ ನಾನು ಅವಳಿಗೆ ಬೆಲೆಬಾಳುವ ವಸ್ತು ಕೊಡಲಾರೆ ಅಂತ ಮೊದಲೇ ಒಪ್ಪಿಕೊಳ್ತಾನೆ. ನೀನು ಅವಳನ್ನು ಪ್ರೀತಿಸಿದ್ದಕ್ಕೆ ನಿನ್ನನ್ನು ದೂರೋದಿಲ್ಲ ಅಂತಾನೆ. ಆದರೂ, ಇಲ್ಲಿಂದ ಹೊರಡಪ್ಪ ಅಂತಾನೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ. 1961ರ ಅಲಬಾಮಾದಲ್ಲಿ ಬಸ್ಸಿನಲ್ಲಿ ಕರಿಯರೂ ಬಿಳಿಯರೂ ಜೊತೆಯಾಗಿ ಕೂತು ಬಂದಿದ್ದಕ್ಕೇ ಬಸ್ಸಿಗೆ ಬೆಂಕಿ ಹಚ್ಚಿದ್ದರು. ಅಂಥ ಊರಿನಲ್ಲಿ ಒಬ್ಬ ಕರಿಯ ಹುಡುಗ 'ನೀನಿಲ್ಲಿಂದ ಹೊರಡು' ಅನ್ನೋದನ್ನು ಇಷ್ಟು ಮೆಲ್ಲಗೆ ಹೇಳೋದು ಬರೀ ಸೌಜನ್ಯ ಅಂತ ನನಗನ್ಸಲ್ಲ. ಹಾಡಿನಲ್ಲಿ ಯಾರ ಬಣ್ಣದ ಮಾತೂ ಇಲ್ಲ, ನಿಜ. ಆದರೆ ದನಿ ಏರಿಸುವ ಹಕ್ಕು ಇಲ್ಲದವನು ದನಿ ಏರಿಸದೇ ತನ್ನ ಹಕ್ಕನ್ನ ಹೇಳೋದು ಹೇಗೆ ಅನ್ನೋದು ಅದರಲ್ಲಿ ನನಗೆ ಕೇಳಿಸುತ್ತೆ.

'ಆ್ಯನಾ' ಇದರ ಇನ್ನೊಂದು ತುದಿ. ಇಲ್ಲಿ ಅವನು ಸೋತಿದ್ದಾನೆ. ಅವಳು ಬೇರೆಯವನ ಜೊತೆ ಹೋಗಬೇಕು ಅಂತಿದ್ದಾಳೆ. ಹೋಗು ಅಂತಾನೆ. ಆದರೆ ಹೋಗೋ ಮುಂಚೆ ನಾನು ಕೊಟ್ಟ ಉಂಗುರ ವಾಪಸ್ ಕೊಡು, ಆಗ ನೀನು ಸ್ವತಂತ್ರಳು. ಇಷ್ಟೇ ಷರತ್ತು. ಈ ಉಂಗುರದ ವಿಷಯ ಮುಂದೆ ಬೇಕಾಗುತ್ತೆ, ನೆನಪಿಟ್ಟುಕೊಳ್ಳಿ.

1963ರ ಫೆಬ್ರವರಿ 11. ಬೀಟಲ್ಸ್ ತಮ್ಮ ಮೊದಲ ಆಲ್ಬಂ 'ಪ್ಲೀಸ್ ಪ್ಲೀಸ್ ಮಿ'ಗಾಗಿ ಲಂಡನ್ನಿನ ಸ್ಟುಡಿಯೋದಲ್ಲಿ ಒಂದೇ ದಿನದಲ್ಲಿ ಹತ್ತು ಹಾಡು ಮುಗಿಸಿದರು. ಅದರಲ್ಲೊಂದು ಆ್ಯನಾ. ಜಾನ್ ಲೆನನ್‌ಗೆ ಅವತ್ತು ನೆಗಡಿ. ಮೂಲದಲ್ಲಿ ಪಿಯಾನೋ ನುಡಿಸುವ ಪುಟ್ಟ ತಿರುವನ್ನು ಜಾರ್ಜ್ ಹ್ಯಾರಿಸನ್ ಗಿಟಾರಿಗೆ ತಂದ. ಆ ಆಲ್ಬಂ ಬ್ರಿಟನ್ನಿನಲ್ಲಿ 30 ವಾರ ಮೊದಲ ಸ್ಥಾನದಲ್ಲಿ ಕೂತಿತ್ತು. ಆ ದಿನಗಳಲ್ಲಿ ತಾವೆಲ್ಲ ಆರ್ಥರ್ ಅಲೆಕ್ಸಾಂಡರ್ ಥರ ಆಗಬೇಕು ಅಂತಿದ್ದೆವು ಅನ್ನೋ ಅರ್ಥದ ಮಾತನ್ನು ಪಾಲ್ ಮೆಕಾರ್ಟ್ನಿ ಎಷ್ಟೋ ವರ್ಷದ ಮೇಲೆ ಹೇಳಿಕೊಂಡಿದ್ದಾರೆ. ಮಾರನೇ ವರ್ಷದ ಜನವರಿಯಲ್ಲಿ ಸ್ಟೋನ್ಸ್ ಹಾಡಿದ 'ಯು ಬೆಟರ್ ಮೂವ್ ಆನ್' ಹೊರಬಂತು.

ಇತ್ತ ಆ ಹಾಡಿನಿಂದ ಬಂದ ದುಡ್ಡಿನಲ್ಲಿ ರಿಕ್ ಹಾಲ್ ಹೊಸ ಸ್ಟುಡಿಯೋ ಕಟ್ಟಿಸಿದ. ವಿಲ್ಸನ್ ಪಿಕೆಟ್, ಎಟ್ಟಾ ಜೇಮ್ಸ್, ಅರೀಥಾ ಫ್ರಾಂಕ್ಲಿನ್ ಇವರೆಲ್ಲ ಅರವತ್ತರ ದಶಕದಲ್ಲಿ ಅಲ್ಲಿಗೆ ಬಂದು ಹಾಡಿದರು. ಮಸಲ್ ಶೋಲ್ಸ್ ಅಂದ್ರೆ ಸಂಗೀತದ ಕ್ಷೇತ್ರ ಅನ್ನೋ ಹಾಗಾಯ್ತು. ಬುನಾದಿಗೆ ಬಿದ್ದ ಕಲ್ಲು ಯಾರದು ಅಂತ ಕೇಳೋರು ಕಮ್ಮಿ ಆದರು.

ಹಾಗಾದರೆ ಬೀಟಲ್ಸ್ ತಪ್ಪು ಮಾಡಿದರಾ? ಬೇರೆಯವರ ಹಾಡನ್ನು ಹಾಡೋದು ತಪ್ಪಾ?

ಇಲ್ಲಿ ಎರಡು ಥರದ ಹಾಡೋದನ್ನ ಬೇರೆ ಮಾಡಿಕೊಳ್ಳಬೇಕು. ಮೊದಲನೇ ಥರಕ್ಕೆ ಉದಾಹರಣೆ ಆರ್ಥರ್‌ನ ಡಾಟ್ ಕಂಪನಿಯ ಹಿಂದಿನ ಚರಿತ್ರೆಯಲ್ಲೇ ಇದೆ. 1955ರಲ್ಲಿ ಫ್ಯಾಟ್ಸ್ ಡಾಮಿನೊ 'ಏಂಟ್ ದಟ್ ಎ ಶೇಮ್' ಹಾಡಿದ ಕೂಡಲೇ ಡಾಟ್‌ನವರು ಪ್ಯಾಟ್ ಬೂನ್ ಅನ್ನೋ ಬಿಳಿ ಹುಡುಗನ ಕೈಲಿ ಅದನ್ನೇ ಹಾಡಿಸಿ ಮಾರುಕಟ್ಟೆಗೆ ಬಿಟ್ಟರು. ಬೂನ್ ಮೊದಲ ಸ್ಥಾನಕ್ಕೆ ಹೋದ, ಡಾಮಿನೊ 10ನೇ ಸ್ಥಾನ. ಮುಂದೆ ಲಿಟಲ್ ರಿಚರ್ಡ್‌ನ 'ಟುಟ್ಟಿ ಫ್ರುಟ್ಟಿ'ಗೂ ಅದೇ ಗತಿ. ಬೂನ್ 12, ರಿಚರ್ಡ್ 17. ಕರಿಯರ ಹಾಡು ಹಾಕದ ರೇಡಿಯೋಗಳಿಗೆ ಬಿಳಿಯ ಧ್ವನಿಯ ನಕಲು. ಅಲ್ಲಿ ಉದ್ದೇಶವೇ ಮೂಲದವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸೋದು.

ಬೀಟಲ್ಸ್ ಮಾಡಿದ್ದು ಹಾಗಲ್ಲ. ಅವರಿಗೆ ಆ ಹಾಡು ಇಷ್ಟ, ಅದನ್ನು ಹಾಡಿದವನು ಇಷ್ಟ. ಲೇಬಲ್ ಮೇಲೆ ಹಾಡು ಬರೆದವನ ಹೆಸರು ಅಲೆಕ್ಸಾಂಡರ್ ಅಂತ ಅಚ್ಚಾಗಿದೆ. ಕದ್ದಿಲ್ಲ. ಆದರೂ ಪರಿಣಾಮ ನೋಡಿದರೆ ಬೂನ್ ಕಥೆಗೂ ಇದಕ್ಕೂ ಹೆಚ್ಚು ದೂರ ಇಲ್ಲ. ಆ್ಯನಾ ಅಂದ್ರೆ ಇವತ್ತು ಬಹಳ ಜನಕ್ಕೆ ಲೆನನ್ ಧ್ವನಿಯೇ. ಉದ್ದೇಶ ಒಳ್ಳೇದಿದ್ದು ಪರಿಣಾಮ ಹೀಗಾದರೆ ಲೆಕ್ಕ ಯಾರ ಹೆಸರಿಗೆ ಬರೀಬೇಕು? ಲೆನನ್ ಹೆಸರಿಗೆ ಬರೆಯೋಕೆ ನನಗೆ ಮನಸ್ಸು ಒಪ್ಪಲ್ಲ. ಪ್ರೀತಿಯಿಂದ ಹಾಡಿದ್ದನ್ನು ಅಪರಾಧ ಅಂದರೆ ಸಂಗೀತವೇ ನಿಂತುಹೋಗುತ್ತೆ. ಹಾಗಂತ ಲೆಕ್ಕವೇ ಇಲ್ಲ ಅನ್ನೋಕೂ ಆಗಲ್ಲ.

ಕಾನೂನು ಏನಂತಿತ್ತು ನೋಡೋಣ. ಅಮೆರಿಕದಲ್ಲಿ ಒಂದು ಹಾಡು ಒಮ್ಮೆ ರೆಕಾರ್ಡ್ ಆಗಿ ಹೊರಬಂದರೆ ಸಾಕು, ಆಮೇಲೆ ಯಾರು ಬೇಕಾದರೂ ಅದನ್ನು ಹಾಡಿ ಮಾರಬಹುದು. ಬರೆದವರ ಅಪ್ಪಣೆ ಬೇಕಿಲ್ಲ, ನಿಗದಿ ಮಾಡಿದ ದುಡ್ಡು ಕೊಟ್ಟರೆ ಆಯ್ತು. 1909ರ ಕಾಯ್ದೆಯಿಂದ ಹಿಡಿದು 1977ರ ಕೊನೆವರೆಗೂ ಆ ದರ ಪ್ರತಿ ಪ್ರತಿಗೆ 2 ಸೆಂಟ್. ಎರಡು ಮಹಾಯುದ್ಧ ಬಂದು ಹೋದವು, ಎಲ್ಲದರ ಬೆಲೆ ಏರಿತು, ಇದು ಮಾತ್ರ ಎರಡೇ. ಅದರಲ್ಲೂ ರೂಢಿಯಂತೆ ಅರ್ಧ ಪ್ರಕಾಶಕರಿಗೆ. ಬ್ರಿಟನ್ನಿನಲ್ಲಿ ಲೆಕ್ಕ ಬೇರೆ, ರೀತಿ ಇದೇ. ಇನ್ನು ಹಾಡಿದವನಿಗೆ? ಅಮೆರಿಕದ ಎಎಂ, ಎಫ್ಎಂ ರೇಡಿಯೋದಲ್ಲಿ ಹಾಡು ಬಂದರೆ ಬರೆದವರಿಗೆ ಪಾಲು ಇದೆ, ಹಾಡಿದವರಿಗೆ ಆಗಲೂ ಇಲ್ಲ, ಈಗಲೂ ಇಲ್ಲ.

ಅಂದ್ರೆ ಕಾನೂನಿನ ಕಣ್ಣಲ್ಲಿ ಹಾಡು ಅಂದರೆ ಕಾಗದದ ಮೇಲೆ ಬರೆಯಬಹುದಾದ್ದು. ಪದ ಮತ್ತು ಧಾಟಿ. ನಾನು ಮೇಲೆ ಹೇಳಿದ್ನಲ್ಲ, ಸಾಲಿನ ಕೊನೆಯಲ್ಲಿ ಆತ ತಡೆಯೋದು, ಅದಕ್ಕೆ ಕಾನೂನಿನಲ್ಲಿ ಹೆಸರಿಲ್ಲ. 'ಸೋಲ್ಜರ್ ಆಫ್ ಲವ್', 'ವೇರ್ ಹ್ಯಾವ್ ಯು ಬೀನ್' ಎರಡೂ ಆತ ಬರೆದದ್ದಲ್ಲ. ಬೀಟಲ್ಸ್ ಅವನ್ನೂ ಹಾಡಿದರು, ಹಾಡಿದ್ದು ಆರ್ಥರ್ ಹಾಡಿದ್ದನ್ನ ಕೇಳಿ ಕಲಿತು. ಅಲ್ಲಿ ಆತನಿಗೆ ಒಂದು ಸೆಂಟೂ ಸಲ್ಲಬೇಕಿಲ್ಲ. ಬೀಟಲ್ಸ್ ಆತನಿಂದ ಪಡೆದದ್ದರಲ್ಲಿ ದೊಡ್ಡದು ಇದೇ ಇರಬಹುದು: ಪ್ರೀತಿಯ ಹಾಡನ್ನು ಗಂಡಸೊಬ್ಬ ಜಂಬ ಬಿಟ್ಟು, ಸೋತವನ ಹಾಗೆ ಹಾಡೋ ರೀತಿ. ಅದಕ್ಕೆ ಬಿಲ್ ಹಾಕೋದು ಹೇಗೆ?

ಹಾಕಬಾರದು ಅಂತಲೇ ನನ್ನ ಅಭಿಪ್ರಾಯ. ಹಾಡುವ ರೀತಿಗೂ ಬೇಲಿ ಹಾಕಿದರೆ ಮೊದಲು ಸಾಯೋದು ಬಡ ಹಾಡುಗಾರನೇ. ಆರ್ಥರ್ ಕೂಡ ಚರ್ಚಿನಿಂದ, ರೇಡಿಯೋದಲ್ಲಿ ಬರುತ್ತಿದ್ದ ಕಂಟ್ರಿ ಹಾಡುಗಳಿಂದ ಎತ್ತಿಕೊಂಡವನೇ ತಾನೆ? ಆದರೆ ಬಿಲ್ ಹಾಕಲಾಗದ್ದಕ್ಕೆ ಋಣವೂ ಇಲ್ಲ ಅನ್ನೋದು ಬೇರೆ ಮಾತು. ಅಲ್ಲಿ ನಾವು ಬಹಳ ಸಲ ಜಾರಿಬಿಡ್ತೀವಿ.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನಾ ಎದುರಾಗೋ ವಿಷಯ. ನಾವು ಬರೆಯೋ ಯಾವ ಪ್ರೋಗ್ರಾಮೂ ಪೂರ್ತಿ ನಮ್ಮದಲ್ಲ. ಯಾರೋ ಎಲ್ಲೋ ಬರೆದು ಪುಕ್ಕಟೆ ಬಿಟ್ಟ ನೂರಾರು ಲೈಬ್ರರಿಗಳ ಮೇಲೆ ಅದು ನಿಂತಿರುತ್ತೆ. ಅವುಗಳಲ್ಲಿ ಬಹಳಷ್ಟು ಎಂಐಟಿ ಲೈಸೆನ್ಸ್ ಅನ್ನೋದರ ಅಡಿ ಬರುತ್ತವೆ. ಆ ಲೈಸೆನ್ಸ್ ಓದಿದರೆ ಆಶ್ಚರ್ಯ ಆಗುತ್ತೆ. ಬಳಸು, ಬದಲಾಯಿಸು, ಮಾರು, ದುಡ್ಡು ಮಾಡು, ನನಗೇನೂ ಕೊಡಬೇಡ. ಒಂದೇ ಷರತ್ತು: ಪ್ರತಿಯ ಜೊತೆಗೆ ಬರೆದವರ ಹೆಸರಿರುವ ಈ ಒಕ್ಕಣೆ ಇರಲಿ. ಇದು ಆ್ಯನಾದಲ್ಲಿ ಬರೋ ಉಂಗುರದ ಮಾತಿನ ಥರಾನೇ ಇದೆ ಅಂತ ನನಗೆ ಅನ್ಸುತ್ತೆ. ಎಲ್ಲಾ ಬಿಟ್ಟುಕೊಟ್ಟವನು ಒಂದನ್ನು ಮಾತ್ರ ಕೇಳ್ತಾನೆ. ಆ ಒಂದು ಸಣ್ಣದಾಗಿರೋದ್ರಿಂದಲೇ ಅದನ್ನ ಕೊಡದೇ ಇರೋದು ದೊಡ್ಡ ತಪ್ಪಾಗುತ್ತೆ.

ನಮ್ಮ ವಚನಕಾರರು, ದಾಸರು ಇದಕ್ಕೆ ಒಳ್ಳೇ ಉಪಾಯ ಕಂಡುಕೊಂಡಿದ್ದರು. ಅಂಕಿತ. ಅದು ದೇವರ ಹೆಸರೇ ಆದರೂ ಬರೆದವರು ಯಾರು ಅನ್ನೋದು ಅದರಿಂದ ಗೊತ್ತಾಗುತ್ತೆ. ಕೊನೇ ಸಾಲಿನಲ್ಲೇ ಇರೋದರಿಂದ ಹಾಡುವವರು ಎಷ್ಟೇ ದೊಡ್ಡವರಾಗಲಿ, ಅದನ್ನ ಹೇಳದೇ ಹಾಡು ಮುಗಿಯಲ್ಲ. ಸಿಂಗಲ್ ಪ್ಲೇಟಿನಲ್ಲಿ ಹೆಸರು ಇದ್ದಿದ್ದು ಹಾಡಿನ ಹೊರಗೆ, ಲೇಬಲ್ಲಿನ ಸಣ್ಣ ಅಕ್ಷರದಲ್ಲಿ, ಆವರಣದೊಳಗೆ. ಪ್ಲೇಟು ತಿರುಗೋಕೆ ಶುರುವಾದರೆ ಅದು ಕಾಣೋದೂ ಇಲ್ಲ.

ಇನ್ನು ಬಸ್ಸಿನ ವಿಷಯ. ಆರ್ಥರ್ ಕಥೆ ಹೇಳೋ ಎಲ್ಲರೂ ಈ ಜಾಗಕ್ಕೆ ಬಂದಾಗ ದನಿ ಇಳಿಸ್ತಾರೆ. ಬೀಟಲ್ಸ್ ಹಾಡಿದ ಹಾಡುಗಳನ್ನ ಬರೆದವನು ಕೊನೆಗೆ ಬಸ್ ಡ್ರೈವರ್ ಆಗಬೇಕಾಯ್ತು ಅಂತ. ಈ ಮಾತು ನನಗೆ ಸ್ವಲ್ಪ ಕಸಿವಿಸಿ ಮಾಡುತ್ತೆ. ನಾನು ಬೆಳೆದ ಹಳ್ಳಿಯಲ್ಲಿ ರಾತ್ರಿ ಹಾಲ್ಟಿಂಗ್ ಬಸ್ ತರುತ್ತಿದ್ದ ಡ್ರೈವರ್ ಅಂದ್ರೆ ಊರಿಗೇ ಬೇಕಾದವರು. ಹೆಸರು ಹಿಡಿದು ಅಣ್ಣ ಅಂತ ಕರೆದು ಊಟಕ್ಕೆ ಕರೆಯೋರು. ಬಸ್ ಓಡಿಸೋದನ್ನ ಪತನ ಅಂತ ಬರೆಯೋರಿಗೆ ಬಸ್ ಓಡಿಸೋರ ಬಗ್ಗೆ ಏನು ಗೌರವ ಇದೆ ಅಂತ ಕೇಳಬೇಕಾಗುತ್ತೆ. ಆತ ಓಡಿಸಿದ್ದು ಕೈಲಾಗದವರಿಗೆ ನೆರವಾಗುವ ಒಂದು ಸೇವಾ ಕೇಂದ್ರಕ್ಕೆ. ಆ ಹೊತ್ತಿಗೆ ಕುಡಿತ, ಮಾದಕ ವಸ್ತು ಎಲ್ಲ ದೂರ ಆಗಿ ದೇವರ ಕಡೆ ತಿರುಗಿದ್ದ. ಆ ವರ್ಷಗಳು ಆತನಿಗೆ ನೆಮ್ಮದಿಯ ವರ್ಷಗಳೂ ಆಗಿರಬಹುದು. ನಮ್ಮ ಕನಿಕರ ಅಲ್ಲಿಗೆ ಅಗತ್ಯ ಇಲ್ಲ.

ಅನ್ಯಾಯ ಇರೋದು ಬೇರೆ ಕಡೆ. ಎಪ್ಪತ್ತರ ದಶಕದಲ್ಲಿ ಆತ ಮತ್ತೆ ಪ್ರಯತ್ನ ಪಟ್ಟ. 1972ರಲ್ಲಿ ಒಂದು ಆಲ್ಬಂ ಬಂತು. ಅದರಲ್ಲಿ 'ಬರ್ನಿಂಗ್ ಲವ್' ಅನ್ನೋ ಹಾಡಿದೆ. ಅದೇ ವರ್ಷ ಎಲ್ವಿಸ್ ಪ್ರೀಸ್ಲಿ ಅದನ್ನ ಹಾಡಿ 2ನೇ ಸ್ಥಾನಕ್ಕೆ ಒಯ್ದ. ಮೊದಲು ಹಾಡಿದ್ದು ಯಾರು ಅಂತ ಕೇಳಿದವರಿಲ್ಲ. 1975ರಲ್ಲಿ ತಾನೇ ಬರೆದ ಹಳೇ ಹಾಡೊಂದನ್ನ ಹಾಡಿ ಮತ್ತೆ ಪಟ್ಟಿಯಲ್ಲಿ 45ನೇ ಸ್ಥಾನಕ್ಕೆ ಬಂದ. ಸಲ್ಲಬೇಕಾದ ದುಡ್ಡು ಕೈಗೆ ಬರಲಿಲ್ಲ ಅನ್ನೋ ಬೇಸರದಲ್ಲಿ ಸಂಗೀತ ಬಿಟ್ಟ. ಇಲ್ಲಿ ಸಾಲ ಇದೆ, ಸಾಲಗಾರರೂ ಇದ್ದಾರೆ. ದುಡ್ಡು ಸರಿಯಾಗಿ ಬಂದಿದ್ದೂ ಆತ ಬಸ್ ಓಡಿಸ್ತೀನಿ ಅಂದಿದ್ದರೆ ಅದು ಆತನ ಆಯ್ಕೆ. ಬರದೇ ಇದ್ದಾಗ ಅದು ಆಯ್ಕೆಯೋ ಅನಿವಾರ್ಯವೋ ಅಂತ ಕೇಳೋಕೂ ಆಗದ ಹಾಗೆ ಆಗುತ್ತೆ. ಮನುಷ್ಯನಿಂದ ದುಡ್ಡು ಕಿತ್ತುಕೊಳ್ಳೋದರ ನಿಜವಾದ ಕೆಡುಕು ಇದು: ಆತನ ಬದುಕಿನಲ್ಲಿ ಯಾವುದು ಆತನೇ ಆರಿಸಿಕೊಂಡದ್ದು ಅನ್ನೋದನ್ನೂ ಜೊತೆಗೆ ಕಿತ್ತುಕೊಂಡ ಹಾಗೆ.

1993ರಲ್ಲಿ ಬಹಳ ವರ್ಷಗಳ ಮೌನ ಮುರಿದು 'ಲೋನ್ಲಿ ಜಸ್ಟ್ ಲೈಕ್ ಮಿ' ಅನ್ನೋ ಆಲ್ಬಂ ತಂದ. ಬಹಳ ಒಳ್ಳೇ ಮಾತುಗಳು ಬಂದವು. ಕೆಲವೇ ತಿಂಗಳಲ್ಲಿ, ಜೂನ್ 9ರಂದು, ನ್ಯಾಶ್‌ವಿಲ್‌ನಲ್ಲಿ ತೀರಿಕೊಂಡ. 53 ವರ್ಷ. ಬೀಟಲ್ಸ್ ಬಿಬಿಸಿ ರೇಡಿಯೋದಲ್ಲಿ ಹಾಡಿದ್ದ 'ಸೋಲ್ಜರ್ ಆಫ್ ಲವ್' ಅಧಿಕೃತವಾಗಿ ಆಲ್ಬಂನಲ್ಲಿ ಬಂದದ್ದು 1994ರಲ್ಲಿ.

ಇಷ್ಟೆಲ್ಲ ಬರೆದಮೇಲೆ ಮೊದಲಿನ ಪ್ರಶ್ನೆ ಉಳಿದಿದೆ. ಕೇಳುಗರಾದ ನಾವು ಏನು ಕೊಡಬೇಕು?

ಹೆಸರು ಹೇಳಬೇಕು, ಸರಿ. ಆದರೆ ಹೆಸರು ಹೇಳೋದರಲ್ಲೂ ಒಂದು ತೊಡಕಿದೆ. ಆರ್ಥರ್ ಅಲೆಕ್ಸಾಂಡರ್ ಯಾರು ಅಂದ್ರೆ 'ಬೀಟಲ್ಸ್ ಹಾಡಿದ್ರಲ್ಲ, ಅವನು' ಅಂತ ಹೇಳಿ ಮುಗಿಸ್ತೀವಿ. ಈ ಬರಹ ಶುರುವಾಗಿದ್ದೂ ಆ ಬಾಗಿಲಿಂದಲೇ. ನಾನು ಆತನ ಮನೆ ಹೊಕ್ಕಿದ್ದೂ ಹಾಗೇ, ಬೇರೆ ಬಾಗಿಲು ನನಗೆ ಸಿಗ್ತಾನೂ ಇರಲಿಲ್ಲ. ಬಾಗಿಲು ಯಾವುದಾದರೂ ಇರಲಿ, ಬಾಗಿಲಲ್ಲೇ ನಿಂತು ವಾಪಸ್ ಬರಬಾರದು ಅಷ್ಟೇ. ಇನ್ನೊಬ್ಬರ ಕಥೆಯಲ್ಲಿ ಅಡಿಟಿಪ್ಪಣಿಯಾಗಿ ನೆನಪಿಟ್ಟುಕೊಳ್ಳೋದು ಮರೆಯೋದಕ್ಕಿಂತ ಸ್ವಲ್ಪ ವಾಸಿ, ಬಹಳ ವಾಸಿ ಏನಲ್ಲ.

ಲೆನನ್ ಹಾಡಿದ ಆ್ಯನಾ ಮತ್ತು ಆರ್ಥರ್ ಹಾಡಿದ ಆ್ಯನಾ ಒಂದಾದ ಮೇಲೊಂದು ಕೇಳಿ ನೋಡಿ. ಲೆನನ್ ಹಾಡಿನಲ್ಲಿ ನೋವಿದೆ, ಅವಳು ಹೋಗೋದನ್ನ ತಡೆಯೋಕೆ ಆಗ್ತಿಲ್ಲ ಅನ್ನೋ ಸಂಕಟ ಗಂಟಲಲ್ಲೇ ಕೇಳುತ್ತೆ. ಆರ್ಥರ್ ಹಾಡಿನಲ್ಲಿ ಅವನು ಆಗಲೇ ಬಿಟ್ಟುಕೊಟ್ಟಾಗಿದೆ. ಉಂಗುರ ಕೇಳೋದು ಬೆಲೆಗಲ್ಲ, ಸೇಡಿಗೂ ಅಲ್ಲ. ನಮ್ಮ ನಡುವೆ ಒಂದು ಇತ್ತು, ಅದನ್ನ ನಾನು ಕೊಟ್ಟಿದ್ದೆ, ನೀನು ತಗೊಂಡಿದ್ದೆ ಅನ್ನೋದನ್ನ ಇಬ್ಬರೂ ಒಪ್ಪಿಕೊಂಡು ಬೇರೆಯಾಗೋಣ ಅಂತ. ಈ ವ್ಯತ್ಯಾಸ ಕಿವಿಗೆ ಬಿದ್ದ ಮೇಲೆ ಬೀಟಲ್ಸ್ ಹಾಡು ಕೆಟ್ಟದಾಗಲ್ಲ. ಅವೆರಡೂ ಬೇರೆ ಬೇರೆ ಹಾಡು ಅಂತ ಗೊತ್ತಾಗುತ್ತೆ. ಒಂದರ ಬದಲು ಇನ್ನೊಂದು ಸಾಕು ಅನ್ನೋ ಮಾತು ನಿಲ್ಲುತ್ತೆ.

ಕೊಟ್ಟವನು ಹೋಗು ಅಂದಿದ್ದಾನೆ ಅಂತ ತಗೊಂಡವರ ಹೊಣೆ ಮುಗಿಯಲ್ಲ. ಬರಬೇಕಾದ ದುಡ್ಡನ್ನ ತಡೆದವರ ಸಾಲ ಕೋರ್ಟಿನ ಲೆಕ್ಕಕ್ಕೆ ಸೇರಿದ್ದು, ಅದನ್ನ ತೀರಿಸೋದು ನಮ್ಮ ಕೈಲಿಲ್ಲ. ನಮ್ಮ ಕೈಲಿರೋದು ಉಂಗುರ. ಆತನ ಹೆಸರು, ಆಮೇಲೆ ಆತನ ಹಾಡನ್ನ ಆತನ ಹಾಡು ಅಂತಲೇ ಒಂದು ಸಲ ಪೂರ್ತಿ ಕೇಳೋದು. ಮೂರು ನಿಮಿಷವೂ ಆಗಲ್ಲ.